ಹುಂಜಕ್ಕೆ ದಮ್ಮು ಹತ್ತಿದೆಯಾ? ಉಸಿರು ಎಲ್ಲಿ ಕಟ್ಟಿದೆ ಅಂತ ಮೊದಲು ಹುಡುಕಿ

ಕಲಬುರಗಿ ಕಡೆ ಹಿತ್ತಲಲ್ಲಿ ನಾಲ್ಕು ಜವಾರಿ ಕೋಳಿ, ಒಂದು ಹುಂಜ ಸಾಕಿದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಹುಂಜಕ್ಕ ದಮ್ಮ ಹತ್ಯಾದ, ಯಾವ ಗುಳಗಿ ಹಾಕ್ಲಿ?" ಗುಳಿಗೆ ಮಾತು ಆಮೇಲೆ, ಮೊದಲು ಉಸಿರು ಎಲ್ಲಿ ಕಟ್ಟಿದೆ ನೋಡೋಣ ಅಂತ ನಾನು ಹೇಳುತ್ತೇನೆ.

ಯಾಕೆಂದರೆ ಬಾಯಿ ತೆರೆದು ಉಸಿರಾಡುವುದೇ ಒಂದು ರೋಗ ಅಲ್ಲ. ಏಪ್ರಿಲ್ ಬಿಸಿಲು, ಮೂಗಲ್ಲಿ ಗಟ್ಟಿಯಾದ ಸಿಂಬಳ, ಉಸಿರುಕೊಳವೆಯಲ್ಲಿ ಹುಳು, ಬೂಷ್ಟು ಹಿಡಿದ ಹೊಟ್ಟು, ಕೊಕ್ಕರೆ ರೋಗ (ರಾಣಿಖೇತ್), ಹೊಲಕ್ಕೆ ಹೊಡೆದ ಎಣ್ಣೆ (ಕೀಟನಾಶಕ), ಇವೆಲ್ಲದರಲ್ಲೂ ಹುಂಜ ದೂರದಿಂದ ಹೆಚ್ಚುಕಡಿಮೆ ಒಂದೇ ತರ ಕಾಣುತ್ತದೆ. ಪರಿಹಾರ ಮಾತ್ರ ಒಂದೊಂದಕ್ಕೂ ಬೇರೆ. ಅರ್ಧದಷ್ಟಕ್ಕೆ ಗುಳಿಗೆಯ ಕೆಲಸವೇ ಇಲ್ಲ. ಅಂಗಡಿಯಿಂದ ಯಾವುದೋ ಪುಡಿ ತಂದು ನೀರಿಗೆ ಹಾಕಿ ಮೂರು ದಿನ ಕಾದರೆ, ಆ ಮೂರು ದಿನದಲ್ಲೇ ಹುಂಜ ಕೈ ತಪ್ಪಬಹುದು.

ಹಿಡಿಯುವ ಮೊದಲು

ಕೋಳಿಗೆ ನಮ್ಮ ಹಾಗೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟದ ಪರದೆ ಇಲ್ಲ. ಅದರ ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ, ಹಿಗ್ಗುವುದಿಲ್ಲ. ಮೈಯೊಳಗೆ ಒಂಬತ್ತು ಗಾಳಿಚೀಲಗಳಿವೆ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದಾಗ ಈ ಚೀಲಗಳು ಗಾಳಿ ಎಳೆದು ಬಿಡುತ್ತವೆ. ಅಂದರೆ ಹುಂಜದ ಎದೆಯನ್ನು ಗಟ್ಟಿಯಾಗಿ ಅದುಮಿ ಹಿಡಿದರೆ ಅದಕ್ಕೆ ಉಸಿರಾಡಲು ಬೇರೆ ದಾರಿಯೇ ಇಲ್ಲ. ಆರೋಗ್ಯವಾಗಿರುವ ಹುಂಜ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ದಮ್ಮು ಹತ್ತಿದ ಹುಂಜ ಕೈಯಲ್ಲೇ ಸಾಯಬಹುದು.

ಹಾಗಾಗಿ ಬೆನ್ನಟ್ಟಿ ಹಿಡಿಯಬೇಡಿ. ಕತ್ತಲಾದ ಮೇಲೆ ಗೂಡಿನಲ್ಲಿ ಕೂತಾಗ ನಿಧಾನಕ್ಕೆ ಎತ್ತಿ. ಒಂದು ಅಂಗೈಯನ್ನು ಎದೆ ಕೆಳಗೆ ಕೊಟ್ಟು, ಕಾಲುಗಳನ್ನು ಬೆರಳ ಸಂದಿಯಲ್ಲಿ ಹಿಡಿಯಿರಿ. ರೆಕ್ಕೆಯನ್ನು ನಿಮ್ಮ ಮೈಗೆ ಒರಗಿಸಿ. ಹಿಡಿತ ಕಾಲಿನ ಮೇಲಿರಲಿ, ಎದೆಯ ಮೇಲೆ ಬೇಡ. ಸಂತೆಯಲ್ಲಿ ಹಿಡಿಯುವ ಹಾಗೆ ಕಾಲು ಹಿಡಿದು ತಲೆಕೆಳಗು ಮಾಡಲೇಬಾರದು. ಹೊಟ್ಟೆಯೊಳಗಿನ ಭಾರವೆಲ್ಲ ಗಾಳಿಚೀಲದ ಮೇಲೆ ಬೀಳುತ್ತದೆ. ಕುತ್ತಿಗೆಯ ಬುಡದಲ್ಲಿ ತಿಂದದ್ದು ನಿಲ್ಲುವ ಕಾಳಿನ ಚೀಲದಲ್ಲಿರುವ ನೀರು ಬಾಯಿಗೆ ಬಂದು ಉಸಿರುಕೊಳವೆಗೆ ಇಳಿಯುತ್ತದೆ.

ಬಾಯಿಗೆ ಏನನ್ನೂ ಸುರಿಯಬೇಡಿ. ಉಸಿರುಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ತೇಕುತ್ತಿರುವ ಹುಂಜಕ್ಕೆ ಅರಿಶಿನದ ನೀರು, ಎಣ್ಣೆ, ಸೆರೆ ಏನೇ ಸುರಿದರೂ ಅದು ನೇರ ಶ್ವಾಸಕೋಶಕ್ಕೆ ಹೋಗಬಹುದು. ಕೊಡಲೇಬೇಕು ಅಂದರೆ ಕೊಕ್ಕಿನ ಪಕ್ಕದಲ್ಲಿ ಒಂದೊಂದು ಹನಿ ಬಿಡಿ, ಅದಾಗೇ ನುಂಗಲಿ.

ಮಧ್ಯಾಹ್ನ ಮಾತ್ರವಾ, ಬೆಳಗಿನ ತಂಪಿನಲ್ಲೂ ಇದೆಯಾ?

ನಮ್ಮ ಕಡೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಶರಣಬಸವೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ಬಿಸಿಲು ಏರಲು ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಹುಂಜದ ಮೈಬಿಸಿಯೇ 41ರಿಂದ 42 ಡಿಗ್ರಿ. ಹೊರಗಿನ ಗಾಳಿ ಮೈಯಷ್ಟೇ ಕಾದರೆ ಮೈಬಿಸಿ ಎಲ್ಲಿಗೆ ಹೋಗಬೇಕು? ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಗಂಟಲು ಬಡಿಸುತ್ತಾ ತೇವವನ್ನು ಆವಿ ಮಾಡುವುದೇ ಅದಕ್ಕಿರುವ ದಾರಿ. ತಂಪು ಹೊತ್ತಲ್ಲಿ ಸುಮ್ನೆ ಕೂತಾಗ ಹುಂಜ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ಬಿಸಿಲಿಗೆ ತೇಕುವಾಗ ನೂರು ದಾಟುತ್ತದೆ.

ಬಿಸಿಲಿನ ತೇಕಿಗೆ ಗುರುತು ಇದೆ. ರೆಕ್ಕೆಗಳು ಮೈಯಿಂದ ದೂರ ಇಳಿಬಿದ್ದಿರುತ್ತವೆ. ಜುಟ್ಟು ಬಿಸಿಯಾಗಿರುತ್ತದೆ. ಮೂಗಲ್ಲಿ ಸಿಂಬಳ ಇಲ್ಲ, ಗಂಟಲಲ್ಲಿ ಗೊರಗೊರ ಸದ್ದಿಲ್ಲ. ಬೇರೆ ಕೋಳಿಗಳೂ ಹಾಗೇ ಮಾಡುತ್ತಿರುತ್ತವೆ. ದೊಡ್ಡ ಮೈಯ ಗಿರಿರಾಜ ತಳಿಯ ಹುಂಜ ಜವಾರಿಗಿಂತ ಮೊದಲೇ ಸೋಲುತ್ತದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಬೆಳಗಿನ ಐದು ಗಂಟೆ. ಆ ತಂಪಿನಲ್ಲಿ ಬಾಯಿ ಮುಚ್ಚಿ ಸಲೀಸಾಗಿ ಉಸಿರಾಡಿದರೆ ಅದು ಬಿಸಿಲಿನದೇ ಕಾಟ. ಬೆಳಗ್ಗೆಯೂ ಬಾಯಿ ತೆರೆದಿದ್ದರೆ ಬಿಸಿಲಿನ ಮೇಲೆ ಹಾಕಿ ಸುಮ್ಮನಿರಬೇಡಿ. ಜೊತೆಜೊತೆಯಾಗಿ ಎರಡೂ ಇರಬಹುದು. ಒಳಗಿದ್ದ ರೋಗ ಬಿಸಿಲಿಗೆ ಎದ್ದು ಕಾಣುತ್ತದೆ.

ಬಿಸಿಲಿನದೇ ಆದರೆ ಮೊದಲು ಜಾಗ ಬದಲಿಸಿ. ತಗಡಿನ ಗೂಡು ಹನ್ನೆರಡರ ನಂತರ ಕಾದ ಹೆಂಚು. ಬೇವಿನ ನೆರಳಿಗೆ ತನ್ನಿ, ಇಲ್ಲವೇ ಮನೆಯೊಳಗೆ ಫರಸಿ ಕಲ್ಲಿನ ತಂಪಿನ ಮೇಲೆ ಬಿಡಿ. ಕಾಲು ಮತ್ತು ಜುಟ್ಟನ್ನು ತಣ್ಣೀರಿನಿಂದ ಒದ್ದೆ ಮಾಡಿ. ಬರ್ಫದ ನೀರಲ್ಲಿ ಮುಳುಗಿಸಬೇಡಿ, ಅದು ಆಘಾತ ಕೊಡುತ್ತದೆ. ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟು, ಅದಕ್ಕೆ ಓಆರ್‌ಎಸ್ ಬೆರೆಸಿ. ಒಂದು ಪೊಟ್ಟಣ ಒಂದು ಲೀಟರಿಗೆ ಸಾಕು. ಅದನ್ನು ಆ ದಿನವೇ ಮುಗಿಸಿ, ಉಳಿದದ್ದು ಚೆಲ್ಲಿ. ಕಾಳನ್ನು ನಸುಕಿನಲ್ಲಿ ಮತ್ತು ಸಂಜೆ ಹಾಕಿ. ಮಧ್ಯಾಹ್ನ ಹೊಟ್ಟೆ ತುಂಬ ಜೋಳ ತಿಂದರೆ ಅದನ್ನು ಕರಗಿಸುವ ಬಿಸಿಯೂ ಮೈಗೆ ಸೇರುತ್ತದೆ. ಗೂಡಿನ ಮೇಲೆ ಕಣಿಕೆ ಹೊರೆ ಹಾಕಿ ನೀರು ಚಿಮುಕಿಸಿ. ಆದರೆ ಪಕ್ಕದ ಗಾಳಿಯನ್ನು ಒದ್ದೆ ಗೋಣಿಚೀಲದಿಂದ ಪೂರ್ತಿ ಮುಚ್ಚಬೇಡಿ. ಗಾಳಿ ಆಡದೆ ತೇವ ಮಾತ್ರ ಏರಿದರೆ ತೇಕಿನಿಂದ ಮೈ ತಂಪಾಗುವುದೇ ಇಲ್ಲ.

ಕಾಳಗ ಮಾಡಿಯೋ, ನಾಯಿ ಅಟ್ಟಿಸಿಯೋ ತೇಕುವ ಹುಂಜ ನೆರಳಲ್ಲಿ ಹತ್ತು ನಿಮಿಷದೊಳಗೆ ಸರಿಹೋಗಬೇಕು. ಹೋಗದಿದ್ದರೆ ಮುಂದಿನದನ್ನು ನೋಡಿ.

ಹುಂಜಕ್ಕೆ ಮಾತ್ರವಾ, ಹಿತ್ತಲಿಗೆಲ್ಲ ಬಂದಿದೆಯಾ?

ಒಂದೇ ಹುಂಜಕ್ಕೆ ಬಂದು ಉಳಿದವೆಲ್ಲ ಚೆನ್ನಾಗಿದ್ದರೆ ಗಂಟಲಲ್ಲಿ ಸಿಕ್ಕಿದ ವಸ್ತು, ಕಾಳಿನ ಚೀಲ ಕಟ್ಟಿರುವುದು, ಹುಳು, ಬೂಷ್ಟು, ಹೃದಯದ ತೊಂದರೆ ಕಡೆ ಯೋಚಿಸಬೇಕು. ಒಂದರಿಂದ ಒಂದಕ್ಕೆ ಹರಡುತ್ತಿದ್ದರೆ ಅಂಟುರೋಗ. ಆಗ ಹರಡುವ ವೇಗವೇ ಸುಳಿವು ಕೊಡುತ್ತದೆ.

ಎರಡು ದಿನದಲ್ಲಿ ಎಲ್ಲವೂ ಸೀನಲು ಶುರುಮಾಡಿದರೆ ಬ್ರಾಂಕೈಟಿಸ್ ವೈರಸ್ ಇರಬಹುದು. ಸಂತೆಯಿಂದ ಹೊಸ ಕೋಳಿ ತಂದ ಮೂರ್ನಾಲ್ಕು ದಿನದಲ್ಲಿ ಮುಖ ಊದಿ, ಮೂಗಿಂದ ನಾರುವ ಸಿಂಬಳ ಇಳಿದರೆ ಅದು ಕೊರೈಜಾ, ನಮ್ಮ ಭಾಷೆಯಲ್ಲಿ ಕೆಟ್ಟ ನೆಗಡಿ. ಸಿಆರ್‌ಡಿ, ಅಂದರೆ ಬಹುದಿನ ಕಾಡುವ ಉಸಿರಿನ ರೋಗ, ಇದಕ್ಕೆ ವಿರುದ್ಧ. ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುವ ಈ ರೋಗ ವಾರಗಟ್ಟಲೆ ತೆವಳಿಕೊಂಡು ಹರಡುತ್ತದೆ. ಎಳ್ಳ ಅಮಾವಾಸ್ಯೆ ಆಸುಪಾಸಿನ ಚಳಿಯಲ್ಲಿ, ಅದರಲ್ಲೂ ಬೀದರ್ ಕಡೆಯ ಎತ್ತರದ ಊರುಗಳಲ್ಲಿ ಜೋರಾಗುತ್ತದೆ. ಹೇಟೆಗಳಿಗಿಂತ ಹುಂಜಗಳಲ್ಲಿ ಇದರ ಲಕ್ಷಣ ಎದ್ದು ಕಾಣುತ್ತದೆ. ಅದಕ್ಕೇ "ಕೋಳಿಗಳು ಚಲೋ ಅದಾವ, ಹುಂಜಕ್ಕಷ್ಟೇ ಆಗ್ಯಾದ" ಅಂತ ಹೇಳಿದರೂ ನಾನು ರಾತ್ರಿ ಉಳಿದವುಗಳ ಉಸಿರನ್ನೂ ಕೇಳಿಸಿಕೊಳ್ಳಲು ಹೇಳುತ್ತೇನೆ. ಹಗಲಲ್ಲಿ ಗೊತ್ತಾಗದ ಸಣ್ಣ ಗೊರಗೊರ ಆಗ ಸಿಗುತ್ತದೆ.

ಮರಿಗಳಿಗೆ ಕೊಕ್ಕರೆ ರೋಗದ ಲಸೋಟಾ ಲಸಿಕೆ ಹನಿ ಹಾಕಿಸಿ ಒಂದು ವಾರದೊಳಗೆ ಸಣ್ಣಗೆ ಸೀನಿದರೆ ಹೆದರಬೇಕಾಗಿಲ್ಲ. ಜೀವಂತ ಲಸಿಕೆಗೆ ಹಾಗಾಗುತ್ತದೆ, ತಾನಾಗೇ ಇಳಿಯುತ್ತದೆ.

ಕಿವಿ ಕೊಟ್ಟು ಕೇಳುವುದು

ಈ ಕೆಲಸಕ್ಕೆ ಹಣ ಬೇಡ, ಓದು ಬೇಡ. ಆದರೂ ಮಾಡುವವರು ತೀರಾ ಕಡಿಮೆ. ಊರು ಮಲಗಿದ ಮೇಲೆ ಗೂಡಿನ ಹತ್ತಿರ ಹೋಗಿ ಕೂತುಕೊಳ್ಳಿ. ಬ್ಯಾಟರಿ ಹಚ್ಚಬೇಡಿ. ಸ್ವಲ್ಪ ಹೊತ್ತು ಸುಮ್ನೆ ಕೇಳಿ. ಆಮೇಲೆ ಹುಂಜವನ್ನು ಎತ್ತಿ ಅದರ ಬೆನ್ನಿಗೆ, ರೆಕ್ಕೆಗಳ ನಡುವೆ ಕಿವಿ ಇಡಿ.

ನೀರಲ್ಲಿ ಗುಳ್ಳೆ ಏಳುವಂಥ ಒದ್ದೆ ಗೊರಗೊರ ಕೇಳಿದರೆ ಕೊಳವೆಯಲ್ಲಿ ಲೋಳೆ ತುಂಬಿದೆ. ಸಿಆರ್‌ಡಿ, ಬ್ರಾಂಕೈಟಿಸ್, ಕೊಕ್ಕರೆ ರೋಗ ಮೂರರಲ್ಲೂ ಇದು ಬರುತ್ತದೆ. ಸದ್ದೇ ಇಲ್ಲದೆ ಉಸಿರು ಮಾತ್ರ ಕಷ್ಟವಾಗಿದ್ದರೆ ಬೂಷ್ಟಿನ ರೋಗದ ಅನುಮಾನ ಪಡಿ. ಅದರಲ್ಲಿ ಲೋಳೆಯ ಸದ್ದು ಕಡಿಮೆ, ಒದ್ದಾಟ ಜಾಸ್ತಿ. ಒಣ ಸಿಳ್ಳೆಯ ಹಾಗೆ ಕೇಳಿದರೆ ಕೊಳವೆ ಎಲ್ಲೋ ಕಿರಿದಾಗಿದೆ.

ಇನ್ನು ಉಸಿರು ಎಳೆಯುವಾಗ ಕಷ್ಟವೋ ಬಿಡುವಾಗ ಕಷ್ಟವೋ ನೋಡಿ. ಕುತ್ತಿಗೆಯನ್ನು ಮೇಲಕ್ಕೆ ಚಾಚಿ, ಬಾಯಿ ಪೂರ್ತಿ ತೆರೆದು ಎಳೆದುಕೊಳ್ಳುತ್ತಿದ್ದರೆ ಅಡ್ಡಿ ಮೇಲಿದೆ, ಅಂದರೆ ಗಂಟಲಲ್ಲಿ ಅಥವಾ ಕೊಳವೆಯಲ್ಲಿ. ಉಸಿರು ಬಿಡುವಾಗ ಬಾಲ ಪ್ರತಿ ಸಲ ಮೇಲೆ ಕೆಳಗೆ ಆಡುತ್ತಾ, ಹೊಟ್ಟೆ ಒತ್ತಿ ಬಿಡುತ್ತಿದ್ದರೆ ತೊಂದರೆ ಕೆಳಗೆ, ಶ್ವಾಸಕೋಶ ಅಥವಾ ಗಾಳಿಚೀಲದಲ್ಲಿ. ಇದನ್ನು ಹುಂಜವನ್ನು ಮುಟ್ಟದೆ, ಪಕ್ಕದಿಂದ ಐದು ನಿಮಿಷ ನೋಡಿದರೆ ಸಾಕು. ಸಾಧ್ಯವಾದರೆ ಫೋನಿನಲ್ಲಿ ವೀಡಿಯೊ ತೆಗೆಯಿರಿ. ಡಾಕ್ಟರ್ ಮುಂದೆ ಮೇಜಿನ ಮೇಲೆ ಇಟ್ಟಾಗ ಹುಂಜ ಹೆದರಿ ಬೇರೆ ತರ ಉಸಿರಾಡುತ್ತದೆ. ಗೂಡಿನಲ್ಲಿದ್ದಾಗಿನ ವೀಡಿಯೊ ಅವರಿಗೆ ಹೆಚ್ಚು ಹೇಳುತ್ತದೆ.

ಹುಂಜದಲ್ಲಿ ಇನ್ನೊಂದು ಸುಳಿವು ಇದೆ, ಹೇಟೆಯಲ್ಲಿ ಅಷ್ಟು ಸಿಗುವುದಿಲ್ಲ. ಅದು ಅದರ ಕೂಗು. ಕೂಗು ಹುಟ್ಟುವುದು ಗಂಟಲಲ್ಲಿ ಅಲ್ಲ, ಉಸಿರುಕೊಳವೆ ಎದೆಯೊಳಗೆ ಎರಡಾಗಿ ಒಡೆಯುವ ಜಾಗದಲ್ಲಿ. ಅಲ್ಲಿ ಲೋಳೆ ನಿಂತರೂ, ಬೂಷ್ಟಿನ ಗಂಟು ಬೆಳೆದರೂ ಕೂಗು ಕೆಡುತ್ತದೆ. ಮುಖ ಚೆನ್ನಾಗಿದೆ, ಮೂಗು ಒಣಗಿದೆ, ತಿನ್ನುತ್ತದೆ, ಆದರೆ ಕೆಲವು ದಿನಗಳಿಂದ ಕೂಗು ಒಡೆದು ಅರ್ಧಕ್ಕೇ ನಿಲ್ಲುತ್ತಿದೆ ಅಂದರೆ ಆ ಜಾಗದ ಮೇಲೆ ಕಣ್ಣಿಡಿ. ಬಾಯಿ ತೆರೆಯುವುದಕ್ಕಿಂತ ಎಷ್ಟೋ ಮೊದಲೇ ಕೂಗು ಬದಲಾಗಿರುತ್ತದೆ. ದಿನಾ ನಸುಕಿನಲ್ಲಿ ಅದನ್ನು ಕೇಳುವ ಮನೆಯವರಿಗೆ ಇದು ಗೊತ್ತಾಗುತ್ತದೆ. ಡಾಕ್ಟರಿಗೆ ಹೇಳಬೇಕಾದ ವಿಷಯಗಳಲ್ಲಿ ಇದನ್ನು ಮರೆಯಬೇಡಿ.

ಬಾಯಿ, ಮೂಗು, ಕಾಳಿನ ಚೀಲ

ಇನ್ನೊಬ್ಬರು ಬ್ಯಾಟರಿ ಹಿಡಿಯಲಿ. ಗದ್ದದ ಕೆಳಗಿನ ಕೆಂಪು ಜೋಲನ್ನು ಮೆಲ್ಲಗೆ ಕೆಳಗೆ ಎಳೆದರೆ ಕೊಕ್ಕು ತೆರೆಯುತ್ತದೆ. ನಾಲಿಗೆಯ ಬುಡದಲ್ಲಿ ಸಣ್ಣ ಸೀಳೊಂದು ತೆರೆದು ಮುಚ್ಚುತ್ತಿರುತ್ತದೆ. ಅದೇ ಉಸಿರುಕೊಳವೆಯ ಬಾಯಿ. ಅಲ್ಲಿ ಜೋಳದ ಕಾಳೋ, ದಾರವೋ ಸಿಕ್ಕಿದ್ದು ಕಂಡರೆ ಚಿಮಟದಿಂದ ತೆಗೆಯಬಹುದು. ಕೈಗೆ ಸಿಗದಿದ್ದರೆ ಒಳಕ್ಕೆ ತಳ್ಳುವ ಸಾಹಸ ಬೇಡ.

ಬಾಯಲ್ಲಿ ಹಳದಿ ಮಿಶ್ರಿತ ಬಿಳಿ ಪೊರೆ ಗಟ್ಟಿಯಾಗಿ ಅಂಟಿದ್ದು, ಕೀಳಲು ಹೋದರೆ ರಕ್ತ ಬರುತ್ತದೆ ಅಂದರೆ ಅದು ಕೋಳಿ ಸಿಡುಬಿನ ಒಳರೂಪ. ಜುಟ್ಟಿನ ಮೇಲೆ ಕಪ್ಪು ಹಕ್ಕಳೆ ಇದ್ದರೆ ಅನುಮಾನವೇ ಬೇಡ. ಸೊಳ್ಳೆಯಿಂದ ಹರಡುತ್ತದೆ, ಹಾಗಾಗಿ ಮಳೆ ಮುಗಿದ ಮೇಲೆ ಜಾಸ್ತಿ. ಪೊರೆಯನ್ನು ಕೀಳಬೇಡಿ. ಅದು ಕೊಳವೆಯ ಬಾಯಿಯನ್ನೇ ಮುಚ್ಚುತ್ತಿದ್ದರೆ ಡಾಕ್ಟರೇ ತೆಗೆಯಬೇಕು.

ಪೊರೆಯ ಬದಲು ಅಂಗುಳಿನಲ್ಲಿ ಸಣ್ಣ ಸಣ್ಣ ಬಿಳಿ ಗುಳ್ಳೆಗಳಿದ್ದರೆ ಅದರ ತಿಂಡಿ ಕಡೆ ನೋಡಿ. ನಮ್ಮಲ್ಲಿ ಹುಂಜವನ್ನು ಬುಟ್ಟಿಯಡಿ ಅಥವಾ ಕಾಲಿಗೆ ಹಗ್ಗ ಕಟ್ಟಿ ತಿಂಗಳುಗಟ್ಟಲೆ ಇಡುವವರಿದ್ದಾರೆ. ಬಿಳಿ ಜೋಳ, ರೊಟ್ಟಿ ಚೂರು ಬಿಟ್ಟರೆ ಅದಕ್ಕೆ ಬೇರೇನೂ ಸಿಗುವುದಿಲ್ಲ. ಜೋಳ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಎ ಜೀವಸತ್ವ ಇಲ್ಲ ಅನ್ನುವಷ್ಟು ಕಡಿಮೆ. ಆ ಜೀವಸತ್ವ ಇಲ್ಲದಿದ್ದರೆ ಮೂಗು, ಬಾಯಿ, ಕೊಳವೆಯ ಒಳಪದರ ಒಣಗಿ ದಪ್ಪಗಾಗುತ್ತದೆ. ಕಣ್ಣು ಅಂಟುತ್ತದೆ, ಮೂಗು ಕಟ್ಟುತ್ತದೆ. ನೋಡಿದವರು ನೆಗಡಿ ಅಂದುಕೊಳ್ಳುತ್ತಾರೆ. ಎಷ್ಟು ಔಷಧಿ ಹಾಕಿದರೂ ಅದು ಇಳಿಯುವುದಿಲ್ಲ, ಯಾಕೆಂದರೆ ಅದು ನೆಗಡಿಯೇ ಅಲ್ಲ. ಬಿಚ್ಚಿ ಬಿಡಿ. ನುಗ್ಗೆ ಸೊಪ್ಪು, ರಾಜಗಿರಿ, ಮೆಂತ್ಯೆ ಸೊಪ್ಪು ಸಣ್ಣಗೆ ಹೆಚ್ಚಿ ದಿನಾ ಹಾಕಿ. ಹಳದಿ ಮೆಕ್ಕೆಜೋಳ ಸಿಕ್ಕರೆ ಅದನ್ನೂ ಬೆರೆಸಿ. ಬಾಯಿ ತುಂಬಾ ಕೆಟ್ಟಿದ್ದರೆ ಡಾಕ್ಟರಿಂದ ಜೀವಸತ್ವದ ಹನಿ ಬರೆಸಿಕೊಳ್ಳಿ.

ಮೂಗಿನ ತೂತಿನಲ್ಲಿ ಹಿಟ್ಟು, ಧೂಳು, ಸಿಂಬಳ ಸೇರಿ ಗಟ್ಟಿಯಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ಒರೆಸಿ. ಕೆಲವರು ಮೂಗಿಗೆ ಗರಿ ಚುಚ್ಚುತ್ತಾರೆ. ಅದರಿಂದ ಒಳಗೆ ಗಾಯವಾಗುತ್ತದೆ, ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ. ಮೂಗು ಸ್ವಚ್ಛವಾದ ಮೇಲೆ ಬಾಯಿ ಮುಚ್ಚಿದರೆ ಅಡ್ಡಿ ಮೂಗಲ್ಲೇ ಇತ್ತು. ಆಮೇಲೂ ಬಾಯಿ ತೆರೆದೇ ಇದ್ದರೆ ಇನ್ನೂ ಒಳಗೆ ಹುಡುಕಬೇಕು. ಕಣ್ಣಿನ ಕೆಳಗೆ ಬೆರಳಿಟ್ಟು ಊತ ನೋಡಿ, ಸಿಂಬಳವನ್ನು ಮೂಸಿ. ಕೊರೈಜಾದ ನಾತ ಒಮ್ಮೆ ಮೂಸಿದವರಿಗೆ ಮತ್ತೆ ಮರೆಯುವುದಿಲ್ಲ. ಸಿಆರ್‌ಡಿಯಲ್ಲಿ ನೊರೆ ಕಣ್ಣೀರು ಬರಬಹುದು, ಆ ಮಟ್ಟದ ನಾತ ಇರುವುದಿಲ್ಲ.

ಕಾಳಿನ ಚೀಲವನ್ನು ನಸುಕಿನಲ್ಲಿ, ಕಾಳು ಹಾಕುವ ಮೊದಲು ಮುಟ್ಟಿ ನೋಡಬೇಕು. ಆಗ ಅದು ಖಾಲಿಯಿರಬೇಕು. ಗಟ್ಟಿ ಉಂಡೆಯಾಗಿದ್ದರೆ ಕಣಿಕೆ ಎಳೆ, ಪ್ಲಾಸ್ಟಿಕ್ ದಾರ ಸುತ್ತಿಕೊಂಡಿರಬಹುದು. ಬಲೂನಿನ ಹಾಗೆ ಮೆತ್ತಗಿದ್ದು ಬಾಯಿಂದ ಹುಳಿ ನಾತ ಬಂದರೆ ಒಳಗೆ ಹುಳಿತಿದೆ. ಎರಡರಲ್ಲೂ ಉಬ್ಬಿದ ಚೀಲ ಕೊಳವೆಯನ್ನು ಒತ್ತುತ್ತದೆ. ತಲೆಕೆಳಗು ಹಿಡಿದು ಖಾಲಿ ಮಾಡಲು ಹೋಗಬೇಡಿ. ಕಾಳು ನಿಲ್ಲಿಸಿ, ನೀರಿಟ್ಟು, ದವಾಖಾನೆಗೆ ಒಯ್ಯಿರಿ.

ಹುಳು ಅಂದೆನಲ್ವಾ, ಅದು ಹೊಟ್ಟೆಹುಳು ಅಲ್ಲ. ಕೆಂಪು ದಾರದ ಹಾಗಿರುವ, ಗಂಡು ಹೆಣ್ಣು ಅಂಟಿಕೊಂಡೇ ಇರುವ ಈ ಹುಳು ಉಸಿರುಕೊಳವೆಯ ಒಳಗೋಡೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಎರೆಹುಳು, ಬಸವನಹುಳು ತಿಂದು ಕೋಳಿಗೆ ಬರುತ್ತದೆ. ಮಳೆಗಾಲದಲ್ಲಿ ತಿಪ್ಪೆ ಕೆದರುವ ಹಿತ್ತಲಲ್ಲಿ ಸಾಧ್ಯ. ಹುಂಜ ತಲೆ ಕೊಡವುತ್ತಾ, ಕುತ್ತಿಗೆ ಚಾಚಿ ಆಕಳಿಸುತ್ತಿರುತ್ತದೆ. ಮರಿಗಳಿಗೆ ಜಾಸ್ತಿ, ಬಲಿತ ಹುಂಜಕ್ಕೆ ಕಡಿಮೆ. ಫೆನ್‌ಬೆಂಡಜೋಲ್ ಕೆಲಸ ಮಾಡುತ್ತದೆ. ಆದರೆ ಒಂದೇ ದಿನದ ಡೋಸ್ ಸಾಲದು. ಎಷ್ಟು ದಿನ ಅನ್ನುವುದನ್ನು ಹುಂಜದ ತೂಕ ಹೇಳಿ ಡಾಕ್ಟರನ್ನು ಕೇಳಿ.

ಗೂಡಿನೊಳಗೆ ತಲೆ ಹಾಕಿ ನೋಡಿ

ಬೆಕ್ಕು, ಮುಂಗುಸಿ ಭಯಕ್ಕೆ ರಾತ್ರಿ ಗೂಡನ್ನು ಸುತ್ತಲೂ ಮುಚ್ಚುತ್ತೇವೆ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಕೋಳಿಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಮೂಗು ಒಳಗಿಡಿ. ಕಣ್ಣು ಉರಿದರೆ, ಮೂಗು ಚುಚ್ಚಿದರೆ ಅದು ಹಿಕ್ಕೆಯಿಂದ ಏಳುವ ಅಮೋನಿಯಾ. ಗಾಳಿಯಲ್ಲಿ 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿದರೆ ಸಾಕು, ಕೊಳವೆಯ ಒಳಗಿನ ಕೂದಲಿನಂಥ ಎಳೆಗಳು ಕೆಟ್ಟು ಲೋಳೆ ಹೊರಗೆ ಬರುವುದಿಲ್ಲ. ಆಮೇಲೆ ಬರುವ ಯಾವ ರೋಗಕ್ಕೂ ಬಾಗಿಲು ತೆರೆದ ಹಾಗೆ. ಒದ್ದೆ ಹಾಸು ಪೂರ್ತಿ ತೆಗೆದು ಒಣ ಹಾಸು ಹಾಕಿ. ಗೂಡಿನ ಮೇಲ್ಭಾಗದಲ್ಲಿ, ಹುಂಜದ ತಲೆಗಿಂತ ಎತ್ತರದಲ್ಲಿ, ಜಾಳಿಗೆ ಕಟ್ಟಿ ಗಾಳಿಗೆ ದಾರಿ ಬಿಡಿ. ಚಳಿಗಾಲದಲ್ಲೂ ಅದನ್ನು ಮುಚ್ಚಬಾರದು. ಚಳಿಯನ್ನು ಹುಂಜ ತಡೆಯುತ್ತದೆ, ಕೆಟ್ಟ ಗಾಳಿಯನ್ನು ತಡೆಯುವುದಿಲ್ಲ.

ಹಾಸು ಯಾವುದು ಅನ್ನುವುದೂ ಮುಖ್ಯ. ಸುರಪುರ, ಶಹಾಪುರದ ಕಾಲುವೆ ಊರುಗಳಲ್ಲಿ ಭತ್ತದ ಹೊಟ್ಟು, ಕಲಬುರಗಿ ಕಡೆ ತೊಗರಿ ಹೊಟ್ಟು, ಶೇಂಗಾ ಸಿಪ್ಪೆ ಸುಲಭಕ್ಕೆ ಸಿಗುತ್ತವೆ. ಒಣಗಿದ್ದರೆ ಯಾವುದೂ ಆಗಬಹುದು. ಆದರೆ ಮಳೆಗೆ ನೆನೆದು ಒಣಗಿದ ಹೊಟ್ಟಿನಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಬೆಳೆಯುತ್ತದೆ. ಹುಂಜ ಕೆದರಿದಾಗ ಅದರ ಪುಡಿ ನೇರ ಗಾಳಿಚೀಲಕ್ಕೆ ಇಳಿಯುತ್ತದೆ. ಇದು ಅಂಟುರೋಗ ಅಲ್ಲ. ಒಂದರಿಂದ ಒಂದಕ್ಕೆ ಹತ್ತುವುದಿಲ್ಲ, ಒಂದೇ ಹಾಸಿನಿಂದ ಹಲವಕ್ಕೆ ಬರಬಹುದು. ಒಳಗೆ ಗಂಟು ಬೆಳೆದ ಮೇಲೆ ವಾಸಿ ಮಾಡುವುದು ಬಹಳ ಕಷ್ಟ. ಹಾಗಾಗಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ. ಮುಗ್ಗಲು ವಾಸನೆ ಬಂದರೆ ತಿಪ್ಪೆಗೆ ಹಾಕಿ. ಮುಗ್ಗಿದ ಜೋಳವನ್ನೂ "ಕೋಳಿ ತಿಂತಾವ ಬಿಡು" ಅಂತ ಹಾಕಬೇಡಿ. ಬೂಷ್ಟಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ.

ತೊಗರಿ ಕಟ್ಟಿಗೆ ಉರಿಸುವ ಒಲೆ, ಸೊಳ್ಳೆಗೆ ಹಾಕುವ ಹೊಗೆ, ರಾಶಿ ಹೊತ್ತಿನ ಧೂಳು ಗೂಡಿನ ಕಡೆ ಹೋಗದ ಹಾಗೆ ನೋಡಿಕೊಳ್ಳಿ.

ಎಣ್ಣೆ ಹೊಡೆದ ಹೊಲ

ತೊಗರಿಗೆ ಕಾಯಿಕೊರಕ ಬಿದ್ದಾಗ, ಹತ್ತಿಗೆ ಹುಳು ಬಿದ್ದಾಗ ಊರೆಲ್ಲ ಎಣ್ಣೆ ಹೊಡೆಯುತ್ತದೆ. ಸತ್ತುಬಿದ್ದ ಹುಳುವನ್ನು ಹುಂಜ ಆಸೆಯಿಂದ ತಿನ್ನುತ್ತದೆ. ಬಿತ್ತನೆ ಹೊತ್ತಲ್ಲಿ ಬಣ್ಣ ಹಚ್ಚಿದ ಬೀಜವನ್ನೂ ಹೆಕ್ಕುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಹುಂಜ ಮಧ್ಯಾಹ್ನಕ್ಕೆ ಬಾಯಿಂದ ಜೊಲ್ಲು ಸುರಿಸುತ್ತಾ, ತೇಕುತ್ತಾ, ಕಾಲು ನಡುಗಿಸುತ್ತಾ ಬಿದ್ದರೆ ಇದನ್ನೇ ಮೊದಲು ಯೋಚಿಸಿ. ಜ್ವರ, ಸಿಂಬಳ ಯಾವುದೂ ಇರುವುದಿಲ್ಲ. ಯಾರ ಹೊಲದಲ್ಲಿ ಯಾವ ಎಣ್ಣೆ ಅಂತ ಕೇಳಿ, ಡಬ್ಬಿಯ ಫೋಟೊ ತೆಗೆದುಕೊಂಡು ಕೂಡಲೇ ಪಶು ದವಾಖಾನೆಗೆ ಓಡಿ. ಕೆಲವು ಜಾತಿಯ ಎಣ್ಣೆಗೆ ಅಟ್ರೋಪಿನ್ ಚುಚ್ಚುಮದ್ದು ಕೆಲಸ ಮಾಡುತ್ತದೆ. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಹುಂಜವನ್ನು ಒಯ್ಯದೆ, ಡಾಕ್ಟರನ್ನೇ ಕರೆಯಬೇಕಾದದ್ದು

ತೇಕುವುದರ ಜೊತೆ ಹಸಿರು ನೀರಿನಂಥ ಹಿಕ್ಕೆ, ಕುತ್ತಿಗೆ ತಿರುಚುವುದು, ರೆಕ್ಕೆ ಕಾಲು ಬೀಳುವುದು ಕಂಡು, ಎರಡು ಮೂರು ದಿನದಲ್ಲಿ ಕೋಳಿಗಳು ಸಾಲಾಗಿ ಸತ್ತರೆ ಅದು ಕೊಕ್ಕರೆ ರೋಗ. 1927ರಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತದಲ್ಲಿ ಕಂಡದ್ದಕ್ಕೆ ನಮ್ಮ ದೇಶದಲ್ಲಿ ರಾಣಿಖೇತ್ ಅನ್ನುವ ಹೆಸರೂ ಬಂತು. ಇದು ವೈರಸ್, ಬಂದ ಮೇಲೆ ಔಷಧಿ ಇಲ್ಲ.

ಜುಟ್ಟು, ಜೋಲು ನೀಲಿಗಟ್ಟಿ, ಮುಖ ಊದಿದರೆ, ಇಲ್ಲವೇ ಲಕ್ಷಣ ತೋರಿಸುವ ಮೊದಲೇ ಪಟಪಟ ಬಿದ್ದರೆ ಹಕ್ಕಿ ಜ್ವರದ ಭಯ ಇರಲೇಬೇಕು. 2025ರ ಜನವರಿಯಲ್ಲಿ ಬೀದರ್ ಗಡಿಗೆ ಹತ್ತಿಕೊಂಡ ಲಾತೂರ್ ಜಿಲ್ಲೆಯ ಉದಗೀರದಲ್ಲಿ ಕಾಗೆಗಳು ಸತ್ತದ್ದು ಇದರಿಂದಲೇ. ಹಾಗಾಗಿ ಊರಲ್ಲಿ ಕಾಗೆ, ಪಾರಿವಾಳ ಸತ್ತಿವೆಯಾ ಅಂತಲೂ ವಿಚಾರಿಸಿ. ಇಂಥ ಅನುಮಾನ ಇದ್ದರೆ ಹುಂಜವನ್ನು ಬಸ್ಸಲ್ಲಿ, ಬೈಕಲ್ಲಿ ಒಯ್ಯಬೇಡಿ. ಕೊಯ್ಯಬೇಡಿ, ಪುಕ್ಕ ಕೀಳಬೇಡಿ, ನಾಯಿಗೆ ಎಸೆಯಬೇಡಿ. ಮೂಗು ಬಾಯಿ ಕಟ್ಟಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಹತ್ತಿರದ ಪಶು ದವಾಖಾನೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹೇಳಿದರೆ ಇರುವ ಕೋಳಿಯನ್ನೂ ಕೊಲ್ಲುತ್ತಾರೆ ಅಂತ ಮುಚ್ಚಿಡುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇದು ಮನುಷ್ಯರಿಗೂ ಹತ್ತುವ ರೋಗ. ತಿಳಿಸುವುದು ಕಾನೂನು ಕೂಡ.

ಉಳಿದಂತೆ ಕಾರಣ ಗೊತ್ತಾಗದೆ ಕೋಳಿ ಸತ್ತರೆ ಹೂಳುವ ಮುಂಚೆ ಡಾಕ್ಟರಿಗೆ ತಿಳಿಸಿ. ಅವರು ತನ್ನಿ ಅಂದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಬರ್ಫ ಇಟ್ಟು ಅವತ್ತೇ ಮುಟ್ಟಿಸಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ಕೊಯ್ದು ನೋಡಿದರೆ ಗಾಳಿಚೀಲದಲ್ಲಿ ಮೊಸರಿನಂಥ ಪೊರೆಯೋ, ಬೂಷ್ಟಿನ ಗಂಟೋ, ಹುಳುವೋ ಅಲ್ಲೇ ಗೊತ್ತಾಗುತ್ತದೆ. ಬೀದರ್‌ನವರಿಗೆ ನಂದಿನಗರದ ಪಶು ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಸತ್ತದ್ದು ಒಂದಾದರೂ ಉಳಿದ ಒಂಬತ್ತರ ಔಷಧಿ ಅದರಿಂದ ಸಿಗುತ್ತದೆ.

ಔಷಧಿ ಹಾಕುವಾಗ

ಸಿಆರ್‌ಡಿ ಮತ್ತು ಕೊರೈಜಾಗೆ ಆಂಟಿಬಯೋಟಿಕ್ ಬೇಕು. ಟೈಲೋಸಿನ್, ಡಾಕ್ಸಿಸೈಕ್ಲಿನ್ ಅಂಥವನ್ನು ಡಾಕ್ಟರು ಬರೆಯುತ್ತಾರೆ. ಆದರೆ ಎಷ್ಟು ಗ್ರಾಂ, ಎಷ್ಟು ದಿನ ಅನ್ನುವುದು ಹುಂಜದ ತೂಕದ ಮೇಲೆ ನಿಂತಿದೆ. ತಕ್ಕಡಿಗೆ ಹಾಕಿ ತೂಕ ಗೊತ್ತು ಮಾಡಿಕೊಂಡೇ ಹೋಗಿ. ಎರಡು ದಿನದಲ್ಲಿ ಚುರುಕಾಯಿತು ಅಂತ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಹಾಕಿ. ಔಷಧಿ ಮುಗಿದ ಮೇಲೂ ಎಷ್ಟು ದಿನ ಅದರ ಮಾಂಸ, ಆ ನೀರು ಕುಡಿದ ಹೇಟೆಗಳ ಮೊಟ್ಟೆ ತಿನ್ನಬಾರದು ಅನ್ನುವುದನ್ನು ಕೇಳಿ ಬರೆದುಕೊಳ್ಳಿ. ಅಂಗಡಿಯಲ್ಲೋ ಮನೆಯಲ್ಲೋ ಹಳೇ ಕೋಲಿಸ್ಟಿನ್ ಪೊಟ್ಟಣ ಉಳಿದಿದ್ದರೆ ಮುಟ್ಟಬೇಡಿ. ಮನುಷ್ಯರ ಪ್ರಾಣ ಉಳಿಸಲು ಕೊನೆಗೆ ಬಳಸುವ ಔಷಧಿ ಅದು. ನಾವು ತಿನ್ನುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು 2019ರಲ್ಲೇ ನಿಷೇಧಿಸಲಾಗಿದೆ.

ಔಷಧಿಯ ಜೊತೆ ಆರೈಕೆ ಬೇಕು. ಬೇರೆ ಜಾಗ, ಒಣ ಹಾಸು, ಧೂಳಿಲ್ಲದ ಗಾಳಿ. ಕಾಳಿನ ಬದಲು ಜೋಳದ ನುಚ್ಚು ಬೇಯಿಸಿ ತಣ್ಣಗೆ ಮಾಡಿ ಕೊಡಿ. ತೇಕುವಾಗ ಗಟ್ಟಿ ಕಾಳು ನುಂಗುವುದು ಕಷ್ಟ. ನೀರಿನ ಪಾತ್ರೆ ಬೇರೆಯದೇ ಇರಲಿ, ಚೆನ್ನಾಗಿರುವ ಕೋಳಿಗಳಿಗೆ ಮೊದಲು ಹಾಕಿ, ಕೊನೆಗೆ ಇದರ ಹತ್ತಿರ ಹೋಗಿ ಕೈ ತೊಳೆಯಿರಿ. ಮೂಗಿನ ಹತ್ತಿರ ಘಾಟು ಮುಲಾಮು ಹಚ್ಚುವುದು, ಸಾಂಬ್ರಾಣಿ ಹೊಗೆ ಹಾಕುವುದು ಬೇಡವೇ ಬೇಡ.

ಗುಂಪಿಗೆ ವಾಪಸ್ ಬಿಡುವ ಮುಂಚೆ

ಬಾಯಿ ಮುಚ್ಚಿತು ಅಂದ ಮಾತ್ರಕ್ಕೆ ರೋಗ ಹೋಯಿತು ಅಂತಲ್ಲ. ಸಿಆರ್‌ಡಿ, ಕೊರೈಜಾ ಬಂದು ಗುಣವಾದ ಹುಂಜ ಮೈಯಲ್ಲಿ ರೋಗವನ್ನು ಇಟ್ಟುಕೊಂಡೇ ಓಡಾಡಬಹುದು. ಸಿಆರ್‌ಡಿ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ. ಅಂಥ ಹುಂಜವನ್ನು ಸಂತೆಗೆ ಒಯ್ದು ಮಾರುವುದು, ಬೇರೆಯವರ ಹೇಟೆಗೆ ಬಿಡುವುದು ಸರಿಯಲ್ಲ. ನಿಮ್ಮ ಹಿತ್ತಲಲ್ಲೇ ಇರಲಿ. ಹೊಸದಾಗಿ ತಂದ ಯಾವ ಕೋಳಿಯನ್ನೂ ಮೂರರಿಂದ ನಾಲ್ಕು ವಾರ ಬೇರೆ ಇಟ್ಟು, ರಾತ್ರಿ ಉಸಿರು ಕೇಳಿ, ಆಮೇಲೆ ಸೇರಿಸಿ.

ಲಸಿಕೆಯನ್ನು ಕಾಯಿಲೆ ಬಿದ್ದಾಗ ಹಾಕಿಸಬಾರದು, ಚೆನ್ನಾಗಿರುವಾಗಲೇ ಹಾಕಿಸಬೇಕು. ಕೊಕ್ಕರೆ ರೋಗಕ್ಕೆ ಮರಿ 5ರಿಂದ 7 ದಿನದ್ದಿರುವಾಗ ಕಣ್ಣು ಮೂಗಿಗೆ ಲಸೋಟಾ ಅಥವಾ ಎಫ್ ತಳಿಯ ಹನಿ, 6ರಿಂದ 8 ವಾರಕ್ಕೆ ಆರ್2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿಗೋಸ್ಕರ ಯಾರೂ ಸೀಸೆ ಒಡೆಯುವುದಿಲ್ಲ. ಓಣಿಯವರೆಲ್ಲ ಮಾತಾಡಿಕೊಂಡು ಒಂದು ಸಂಜೆ ಗೊತ್ತು ಮಾಡಿ, ಎಲ್ಲರ ಕೋಳಿ ಗೂಡಿಗೆ ಸೇರಿದ ಹೊತ್ತಿಗೆ ಸೀಸೆಯನ್ನು ಬರ್ಫದ ಥರ್ಮಾಸಿನಲ್ಲಿ ತರಿಸಿ, ಮನೆಮನೆಗೆ ಹೋಗಿ ಹಾಕಿಸಿ.